ಫ್ಯಾಕ್ಟರಿಯಿಂದ ಬಂದ ಹಾಗೆ ಅಂದ್ರೆ ಹೇಗೆ?

ಹಳೇ ಗಾಡಿಗೆ ಮರುಜೀವ ಕೊಡೋ ವಿಡಿಯೋಗಳನ್ನು ನೀವೂ ನೋಡಿರ್ತೀರಿ. ರಾತ್ರಿ ಮಲಗೋ ಮುಂಚೆ ಒಂದೇ ಒಂದು ಅಂತ ಶುರು ಮಾಡಿದ್ರೆ ನಾಲ್ಕು ಮುಗಿದಿರುತ್ತೆ. ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಕಬ್ಬಿಣ ಹತ್ತು ನಿಮಿಷದಲ್ಲಿ ಕನ್ನಡಿ ಹಾಗೆ ಹೊಳೆಯುತ್ತೆ. ಮಧ್ಯದಲ್ಲಿ ಕಳೆದ ಎರಡು ವರ್ಷ, ಖರ್ಚಾದ ದುಡ್ಡು, ಮನೆಯವರ ಬೈಗುಳ ಯಾವುದೂ ಕಾಣೋದಿಲ್ಲ. ಕೊನೆಗೆ ದೊಡ್ಡ ಅಕ್ಷರದಲ್ಲಿ ಎರಡು ಪದ: ‘ಫ್ಯಾಕ್ಟರಿ ಕಂಡೀಷನ್’.

ಈ ಸಲದ ಅಂಕಣ ಆ ಎರಡು ಪದಗಳ ಬಗ್ಗೆ. ಕಾರಣ, ಬೈಲಹೊಂಗಲದ ನಮ್ಮ ಮನೆ ಹಿತ್ತಲ ಶೆಡ್ಡಿನಲ್ಲಿ ಈಗ ಒಂದು ಗಾಡಿ ಬಿಚ್ಚಿ ಹರಡಿದೆ. 1974ರಲ್ಲಿ ನೋಂದಣಿಯಾದ ಯೆಜ್ಡಿ 250. ರಾಮದುರ್ಗದ ನಮ್ಮ ಸೋದರಮಾವನದ್ದು. ಸೋಮವಾರದಿಂದ ಶುಕ್ರವಾರ ನಾನು ಬೆಂಗಳೂರಿನಲ್ಲಿ ಕೋಡ್ ಬರೀತೀನಿ. ಹದಿನೈದು ದಿನಕ್ಕೊಮ್ಮೆ ರಾತ್ರಿ ಬಸ್ ಹತ್ತಿ ಬಂದು ಶನಿವಾರ, ಭಾನುವಾರ ಸ್ಪ್ಯಾನರ್ ಹಿಡೀತೀನಿ. ಈ ಕೆಲಸದಲ್ಲಿ ಕಷ್ಟದ್ದು ನಟ್ಟು ಬೋಲ್ಟ್ ಅಲ್ಲ. ಏನನ್ನು ವಾಪಸ್ ತರಬೇಕು, ಏನನ್ನು ಇದ್ದ ಹಾಗೇ ಬಿಡಬೇಕು ಅನ್ನೋದು ಕಷ್ಟ.

ಅಮೆರಿಕದ ಕಾರು, ಮೈಸೂರಿನ ಬೈಕು

‘ಫ್ಯಾಕ್ಟರಿ ಕಂಡೀಷನ್’ ಹುಚ್ಚು ಅತಿ ಜೋರಾಗಿರೋದು ಅಮೆರಿಕದ ಮಸಲ್ ಕಾರುಗಳ ಲೋಕದಲ್ಲಿ. 1964ರಲ್ಲಿ ಪಾಂಟಿಯಾಕ್ ಕಂಪನಿ ಮಧ್ಯಮ ಗಾತ್ರದ ಕಾರಿಗೆ ಭಾರೀ ವಿ8 ಎಂಜಿನ್ ಕೂರಿಸಿ ಜಿಟಿಒ ಅಂತ ಬಿಟ್ಟಿತು. ಆ ಜಾತಿಯ ಕಾರುಗಳಿಗೆ ಈಗ ಬೆಲೆ ಕಟ್ಟುವಾಗ ಮೊದಲು ಕೇಳೋದು ‘ನಂಬರ್ ಮ್ಯಾಚಿಂಗ್ ಇದೆಯಾ’ ಅಂತ. ಅಂದ್ರೆ ಈ ಚಾಸಿಗೆ ಫ್ಯಾಕ್ಟರಿಯಲ್ಲಿ ಕೂರಿಸಿದ ಎಂಜಿನ್ನೇ ಇದೆಯಾ ಅಂತ. ಕೆಲವರು ಇನ್ನೂ ಮುಂದೆ ಹೋಗ್ತಾರೆ. ಕಾರ್ಮಿಕರು ತಪಾಸಣೆ ಮುಗಿಸಿ ಬಣ್ಣದ ಕಡ್ಡಿಯಲ್ಲಿ ಎಳೆದಿದ್ದ ಗುರುತುಗಳನ್ನೂ, ಅವಸರದಲ್ಲಿ ಬಿಟ್ಟಿದ್ದ ಪೇಂಟಿನ ಸೋರಿಕೆಯನ್ನೂ ಹುಡುಕಿ ಮತ್ತೆ ಬರೀತಾರೆ. ಫ್ಯಾಕ್ಟರಿಯ ತಪ್ಪನ್ನೂ ಬಿಡದೆ ನಕಲು ಮಾಡೋದು!

ನಮ್ಮಲ್ಲಿ ಮಸಲ್ ಕಾರ್ ಅಂತ ಯಾವುದನ್ನಾದರೂ ಕರೆದರೆ ಅದು ಹಿಂದೂಸ್ತಾನ್ ಮೋಟರ್ಸ್‌ನ ಕಾಂಟೆಸ್ಸಾ. ಉದ್ದ ಮೂತಿ, ಅಗಲ ಮೈ, ಆದರೆ ಮೊದಮೊದಲು ಒಳಗಿದ್ದದ್ದು ಅಂಬಾಸಿಡರ್ ವಂಶದ 1.5 ಲೀಟರ್ ಎಂಜಿನ್. ನಮ್ಮೂರ ಕಡೆ ಅಂಥ ಕಾರು ಸಾಹುಕಾರರ ಮನೆ ಮುಂದೆ ಮಾತ್ರ. ಕರ್ನಾಟಕದ ಮಧ್ಯಮ ವರ್ಗದ ಮನೆಗಳಲ್ಲಿ ಅಷ್ಟೇ ಹುಚ್ಚು ಹಿಡಿಸಿದ್ದು ಎರಡು ಗಾಲಿಯ ಗಾಡಿ, ಅದೂ ನಮ್ಮದೇ ರಾಜ್ಯದಲ್ಲಿ ತಯಾರಾಗಿದ್ದು.

ಐಡಿಯಲ್ ಜಾವಾ ಕಂಪನಿ ಮೈಸೂರಿನಲ್ಲಿ ಶುರುವಾಗಿದ್ದು 1960ರಲ್ಲಿ. ಯಾದವಗಿರಿಯ ಆ ಕಾರ್ಖಾನೆ ಮೊದಲು ಝೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು ಬೈಕ್ ಮಾಡ್ತಿತ್ತು. ಜಾವಾ ಅನ್ನೋ ಹೆಸರು ಇಂಡೋನೇಷ್ಯಾದ ದ್ವೀಪದಿಂದ ಬಂದಿದ್ದಲ್ಲ. ಸ್ಥಾಪಕ ಯಾನೆಚೆಕ್ ಮತ್ತು ಜರ್ಮನಿಯ ವಾಂಡರರ್ ಕಂಪನಿಯ ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿದ್ದು. 1973ರಿಂದ ಮೈಸೂರಿನ ಗಾಡಿಗಳ ಟ್ಯಾಂಕಿನ ಮೇಲೆ ಯೆಜ್ಡಿ ಅನ್ನೋ ಹೆಸರು ಬಂತು. ಕಂಪನಿ ನಡೆಸುತ್ತಿದ್ದ ಇರಾನಿ ಕುಟುಂಬದ ಮೂಲದ ನೆನಪಿಗೆ, ಇರಾನಿನ ಯಾಜ್ದ್ ಊರಿನಿಂದ ತಗೊಂಡ ಹೆಸರು ಅಂತ ಹೇಳ್ತಾರೆ. 1978ರಲ್ಲಿ ರೋಡ್‌ಕಿಂಗ್ ಬಂತು. ಎಂಬತ್ತರ ದಶಕದಲ್ಲಿ ಕಡಿಮೆ ಪೆಟ್ರೋಲ್ ಕುಡಿಯೋ ಜಪಾನಿ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದವು, ಆಮೇಲೆ ಹೊಗೆಯ ನಿಯಮಗಳು ಬಿಗಿಯಾದವು. 1996ರಲ್ಲಿ ಕಾರ್ಖಾನೆ ನಿಂತಿತು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ರೂಪದಲ್ಲಿ ಮತ್ತೆ ಶೋರೂಮಿಗೆ ಬಂದಿವೆ. ಅವು ಫೋರ್ ಸ್ಟ್ರೋಕ್ ಎಂಜಿನ್ನಿನ ಬೇರೆಯೇ ಗಾಡಿಗಳು. ಹೆಸರು ಒಂದೇ ಅಂತ ಅಲ್ಲಿ ಹೋಗಿ ಮಾಮಾನ ಗಾಡಿಗೆ ಪಿಸ್ಟನ್ ಕೇಳಿದ್ರೆ ಸಿಗೋದಿಲ್ಲ.

ಫ್ಯಾಕ್ಟರಿಯೇ ಇಲ್ಲದ ಮೇಲೆ?

ಸಾಫ್ಟ್‌ವೇರ್‌ನಲ್ಲಿ ನಮಗೆ ಒಂದು ಸೌಲಭ್ಯ ಇದೆ. ಯಾವತ್ತು ಯಾರು ಏನು ಬದಲಾಯಿಸಿದ್ರು ಅನ್ನೋದು ದಾಖಲಾಗಿರುತ್ತೆ, ಬೇಕಾದ ಹಳೇ ಆವೃತ್ತಿಗೆ ಹೋಗಬಹುದು. ಐವತ್ತು ವರ್ಷದ ಗಾಡಿಗೆ ಅಂಥ ದಾಖಲೆ ಇಲ್ಲ. ಫೋನ್ ಮಾಡಿ ‘ಸಾರ್, 1974ರಲ್ಲಿ ಈ ಕ್ಲಿಪ್ ಕರಿ ಇತ್ತಾ, ಬಿಳಿ ಇತ್ತಾ’ ಅಂತ ಕೇಳೋಣ ಅಂದ್ರೆ ಎತ್ತೋಕೆ ಫ್ಯಾಕ್ಟರಿ ಇಲ್ಲ.

ಹಾಗಾಗಿ ಸಾಕ್ಷಿ ಹುಡುಕಬೇಕು. ಹಳೇ ಸರ್ವಿಸ್ ಮ್ಯಾನ್ಯುಯಲ್ ಮತ್ತು ಬಿಡಿಭಾಗಗಳ ಕ್ಯಾಟಲಾಗ್ ಒಂದು ಸಾಕ್ಷಿ. ಯಾರೂ ಕೈ ಹಾಕದೆ ಹಾಗೇ ಉಳಿದಿರೋ ಅದೇ ಕಾಲದ ಇನ್ನೊಂದು ಗಾಡಿ ಅದಕ್ಕಿಂತ ದೊಡ್ಡ ಸಾಕ್ಷಿ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಊರೂರಲ್ಲಿ ಈ ಗಾಡಿಯವರು ಸೇರ್ತಾರಲ್ಲ, ಅಲ್ಲಿ ಹೋಗಿ ಹೊಳೆಯೋ ಗಾಡಿ ಮುಂದೆ ಸೆಲ್ಫಿ ತಗೊಳ್ಳೋದಕ್ಕಿಂತ, ಮೂಲೆಯಲ್ಲಿ ನಿಂತಿರೋ ಮಂಕು ಬಣ್ಣದ, ಮೊದಲ ಮಾಲೀಕರ ಕೈಯಲ್ಲೇ ಇರೋ ಗಾಡಿ ಹತ್ತಿರ ಹೋಗಿ. ಅವರ ಒಪ್ಪಿಗೆ ಕೇಳಿ ಪ್ರತಿ ಸ್ಕ್ರೂ ಫೋಟೋ ತಗೊಳ್ಳಿ.

ಮೂರನೇ ಸಾಕ್ಷಿ ನಿಮ್ಮ ಗಾಡಿಯ ಒಳಗೇ ಇರುತ್ತೆ. ನಮ್ಮ ಮಾಮಾನ ಗಾಡಿ ನೋಡೋಕೆ ಕಪ್ಪು. ಎರಡು ಸಾವಿರ ನಂಬರಿನ ನೀರು ಕಾಗದ ಹಿಡಿದು ಟ್ಯಾಂಕಿನ ಕೆಳಗೆ, ಕಾಣದ ಜಾಗದಲ್ಲಿ, ರೂಪಾಯಿ ನಾಣ್ಯದಷ್ಟು ಅಗಲ ನಿಧಾನವಾಗಿ ಉಜ್ಜಿದೆ. ಕಪ್ಪಿನ ಕೆಳಗೆ ನೀಲಿ, ನೀಲಿಯ ಕೆಳಗೆ ಇಟ್ಟಿಗೆ ಬಣ್ಣದ ರೆಡ್ ಆಕ್ಸೈಡ್, ಅದರ ಕೆಳಗೆ ಗಾಢ ಮರೂನ್. ಟೂಲ್ ಬಾಕ್ಸ್ ಮುಚ್ಚಳದ ಒಳಗಡೆ ಬಿಸಿಲೇ ಕಾಣದ ಅದೇ ಮರೂನ್ ಅಂಗೈ ಅಗಲ ಉಳಿದುಕೊಂಡಿತ್ತು. ಅದೇ ನಮ್ಮ ಬಣ್ಣದ ಸ್ಯಾಂಪಲ್. ಯಾರೋ ಆನ್‌ಲೈನಿನಲ್ಲಿ ಹೇಳಿದ ಶೇಡ್ ನಂಬರಿಗಿಂತ ಅದನ್ನು ನಾನು ನಂಬ್ತೀನಿ.

ಇಲ್ಲೊಂದು ಎಚ್ಚರಿಕೆ. ಆಗಿನ ಬಣ್ಣ ಈಗಿನ ಹಾಗೆ ಮೇಲೊಂದು ಪಾರದರ್ಶಕ ಲೇಪನ ಹಚ್ಚಿ ಒದ್ದೆ ಗಾಜಿನಂತೆ ಮಿಂಚುತ್ತಿರಲಿಲ್ಲ. ಕ್ರೋಮ್ ಕೂಡ ಅಷ್ಟೇ. ತಾಮ್ರ, ನಿಕಲ್, ಮೇಲೆ ಕ್ರೋಮ್ ಅಂತ ಪದರಗಳು ಕೂರಬೇಕು. ಕೆಳಗಿನ ಪದರ ಸರಿಯಿಲ್ಲದೆ ಬರೀ ಮೇಲಿನ ಹೊಳಪು ಕೊಟ್ಟರೆ ಎರಡು ಮಳೆಗಾಲಕ್ಕೆ ತುಕ್ಕು ಎದ್ದು ಬರುತ್ತೆ. ಇನ್ನು ಬಫಿಂಗ್. ಎಂಜಿನ್ ಕವರನ್ನು ಗಾಲಿಗೆ ಹಿಡಿದು ಉಜ್ಜಿದರೆ ಅದರ ಮೇಲಿನ ಉಬ್ಬಕ್ಷರ ಸವೆದು ಹೋಗುತ್ತೆ. ನಮ್ಮೂರಿನ ಹಳೇ ಮಿಸ್ತ್ರಿಯೊಬ್ಬರು ಇದನ್ನು ಒಂದೇ ಮಾತಲ್ಲಿ ಹೇಳಿದ್ರು: “ಪಾಲಿಶ್ ಮಾಡಿದ್ರ ಚಂದ ಕಾಣ್ತೈತ್ರಿ, ಆದ್ರ ಹೆಸರ ಅಳಸಿ ಹೋಗ್ತೈತಿ.” ಫ್ಯಾಕ್ಟರಿಗಿಂತ ಹೆಚ್ಚು ಹೊಳೆಯೋ ಗಾಡಿ ಫ್ಯಾಕ್ಟರಿ ಕಂಡೀಷನ್ ಗಾಡಿ ಅಲ್ಲ.

ಎಂಜಿನ್ ವಿಷಯದಲ್ಲಿ ರಾಜಿ ಇಲ್ಲ

ಹೊರಗಿನ ಬಣ್ಣಕ್ಕೆ ಎಷ್ಟು ಚರ್ಚೆ ಬೇಕಾದ್ರೂ ಮಾಡಬಹುದು. ಒಳಗಿನ ಅಳತೆಗೆ ಚರ್ಚೆ ಇಲ್ಲ, ಅಲ್ಲಿ ಮ್ಯಾನ್ಯುಯಲ್ ಹೇಳಿದ್ದೇ ಕೊನೆ.

ಈ ಎಂಜಿನ್ ಒಂದು ಸಿಲಿಂಡರಿನ ಟೂ ಸ್ಟ್ರೋಕ್. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಗೇರ್ ಹಾಕೋ ಲಿವರೇ ಮೇಲೆತ್ತಿ ತಿರುಗಿಸಿದರೆ ಕಿಕ್ ಆಗುತ್ತೆ. ಗೇರ್ ಒತ್ತುವಾಗ ಕ್ಲಚ್ ತಾನೇ ಬಿಡಿಸಿಕೊಳ್ಳುತ್ತೆ, ಕೈಯಲ್ಲಿ ಹಿಡಿಯದಿದ್ದರೂ ನಡೆಯುತ್ತೆ. ಎಪ್ಪತ್ತರ ದಶಕದಲ್ಲಿ ಇದನ್ನು ಓಡಿಸಿದವರು ಬೇರೆ ಬೈಕ್ ಹತ್ತಿದರೆ ಮೊದಲ ದಿನ ಕಿಕ್ ಎಲ್ಲಿದೆ ಅಂತ ಹುಡುಕ್ತಿದ್ರಂತೆ.

ಸಿಲಿಂಡರಿನ ಒಳ ಅಗಲ ಫ್ಯಾಕ್ಟರಿಯಲ್ಲಿ 65 ಮಿ.ಮೀ., ಪಿಸ್ಟನ್ ಓಡಾಡೋ ದೂರ 75 ಮಿ.ಮೀ. ಸವೆದಾಗ ಸಿಲಿಂಡರನ್ನು ಕಾಲು ಮಿಲಿಮೀಟರ್ ಹೆಚ್ಚು ಕೊರೆದು ಅಷ್ಟೇ ದಪ್ಪದ ಪಿಸ್ಟನ್ ಹಾಕ್ತಾರೆ, ಅದಕ್ಕೆ ಬೋರ್ ಮಾಡಿಸೋದು ಅಂತಾರೆ. ಮಾಮಾನ ಗಾಡಿ ಅಳೆದರೆ 66 ಮಿ.ಮೀ. ಬಂತು. ಲೆಕ್ಕ ಹಾಕಿ ನೋಡಿ: 250 ಸಿಸಿ ಅಂತ ಕಾಗದದಲ್ಲಿರೋ ಗಾಡಿ ನಿಜವಾಗಿ ಸುಮಾರು 257 ಸಿಸಿ ಆಗಿದೆ. ಇನ್ನು ಕೊರೆಯೋಕೆ ಗೋಡೆಯಲ್ಲಿ ಮಾಂಸ ಇಲ್ಲ. ದಾರಿ ಎರಡು. ಎಲ್ಲಿಂದಲೋ ಬೇರೆ ಸಿಲಿಂಡರ್ ತರೋದು, ಇಲ್ಲಾ ಒಳಗೆ ಹೊಸ ಸ್ಲೀವ್ ಕೂರಿಸಿ ಮತ್ತೆ 65ಕ್ಕೆ ಕೊರೆಸೋದು. ನಾವು ಎರಡನೆಯದನ್ನು ಆರಿಸಿದ್ವಿ. ಟೂ ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಗಾಳಿ, ಹೊಗೆ ಹಾದುಹೋಗೋ ಕಿಟಕಿಗಳಿರುತ್ತವೆ. ಸ್ಲೀವಿನಲ್ಲಿ ಆ ಕಿಟಕಿಗಳನ್ನು ಅದೇ ಜಾಗಕ್ಕೆ, ಅದೇ ಅಳತೆಗೆ ಕತ್ತರಿಸಬೇಕು. ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ಗಾಡಿಯ ಸ್ವಭಾವವೇ ಬದಲಾಗುತ್ತೆ. ನಮ್ಮ ಜಿಲ್ಲೆಯ ಭಾಗ್ಯ, ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳೂ ಲೇಥ್ ಅಂಗಡಿಗಳೂ ಸಾಲಾಗಿವೆ. ಕೈಯಲ್ಲಿ ನಕ್ಷೆ ಇದ್ದರೆ ಕೆಲಸ ಮಾಡಿಕೊಡೋರು ಸಿಗ್ತಾರೆ.

ಎರಡನೇ ವಿಷಯ ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲ್. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಗಾಳಿ ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿಂದ ಒತ್ತಡದಲ್ಲಿ ಮೇಲೆ ಹೋಗುತ್ತೆ. ಆ ಕೋಣೆ ಸೋರಬಾರದು. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ಬಿಡುತ್ತೆ. ಡೈನಮೋ ಕಡೆಯದು ಹೋದರೆ ಇನ್ನೂ ಅಪಾಯ, ಹೊರಗಿನ ಗಾಳಿ ಸೇರಿ ಮಿಶ್ರಣ ತೆಳುವಾಗಿ, ಎಂಜಿನ್ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತೆ. ಓಡೋ ಗಾಡಿಯ ಹಿಂದಿನ ಚಕ್ರ ಗಕ್ಕನೆ ನಿಂತುಬಿಡುತ್ತೆ. ನೂರಿನ್ನೂರು ರೂಪಾಯಿ ಉಳಿಸೋಕೆ ಹೋಗಿ ಎಲುಬು ಮುರ್ಕೊಳ್ಳೋ ಕೆಲಸ. ಬಣ್ಣಕ್ಕೆ ಖರ್ಚು ಮಾಡೋ ಮುಂಚೆ ಸೀಲ್, ಬೇರಿಂಗ್, ಬ್ರೇಕ್ ಶೂ, ಕೇಬಲ್ ಇವುಗಳಿಗೆ ದುಡ್ಡು ತೆಗೆದಿಡಿ.

ಮೂರನೆಯದು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗೋದರಲ್ಲಿ ಶೇ. 20ರವರೆಗೂ ಎಥನಾಲ್ ಇರುತ್ತೆ. ನಮ್ಮ ಜಿಲ್ಲೆಯ ಕಬ್ಬೇ ಅದರ ಮೂಲಗಳಲ್ಲೊಂದು, ಹಾಗಾಗಿ ರೈತರ ಮನೆಯಲ್ಲಿ ನಿಂತು ಅದನ್ನು ಬೈಯೋ ಹಾಗಿಲ್ಲ! ಆದರೆ ಎಥನಾಲ್ ನೀರನ್ನು ಹೀರುತ್ತೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ಆ ನೀರು ಕೂತು ತುಕ್ಕು ಶುರುವಾಗುತ್ತೆ, 1974ರ ರಬ್ಬರ್ ಪೈಪು, ಕಾರ್ಕ್ ವಾಶರ್ ಮೆತ್ತಗಾಗುತ್ತವೆ. ಹೊಸ ಪೈಪು, ವಾಶರುಗಳನ್ನು ಎಥನಾಲ್ ತಾಳೋ ಜಾತಿಯವೇ ನೋಡಿ ಹಾಕಿಸಬೇಕು. ಗಾಡಿ ನಿಲ್ಲಿಸೋದಾದ್ರೆ ಟ್ಯಾಂಕ್ ಮತ್ತು ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಬೇಕು. ಇದರಲ್ಲಿ ‘ಒರಿಜಿನಲ್’ ಹಠ ಬೇಡ.

ಕ್ಯಾರಿಯರ್ ಪ್ರಶ್ನೆ

ಇಷ್ಟು ಸುಲಭದ ಭಾಗ. ಈಗ ಜಗಳದ ಭಾಗಕ್ಕೆ ಬರೋಣ.

ಮಾಮಾ ಈ ಗಾಡಿಯ ಎರಡನೇ ಮಾಲೀಕ. ಸೊಸೈಟಿ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ರಾಮದುರ್ಗ ನೇಕಾರರ ಊರು. ಅಲ್ಲಿಯ ಮಗ್ಗದ ಸೀರೆಗಳನ್ನು ಗಂಟು ಕಟ್ಟಿ ಸವದತ್ತಿ, ಬೈಲಹೊಂಗಲ, ಕಿತ್ತೂರಿನ ಸಂತೆಗಳಿಗೆ, ಯಲ್ಲಮ್ಮನ ಗುಡ್ಡದ ಭಾರತ ಹುಣ್ಣಿಮೆ ಜಾತ್ರೆಗೆ ಒಯ್ದು ಮಾರೋದು ಅವರ ಬದುಕಾಗಿತ್ತು. ಬಸ್ಸಿನಲ್ಲಿ ಒಂದು ದಿನಕ್ಕೆ ಒಂದು ಊರು ಆಗ್ತಿತ್ತು. ಯೆಜ್ಡಿ ಬಂದ ಮೇಲೆ ಎರಡು ಊರು.

ಆ ಬದುಕು ಗಾಡಿ ಮೇಲೆ ಗುರುತು ಬಿಟ್ಟಿದೆ. ಹಿಂದೆ ಕಬ್ಬಿಣದ ಪಟ್ಟಿಯ ದೊಡ್ಡ ಕ್ಯಾರಿಯರ್, ಅದನ್ನು ಹಿಡಿಯೋಕೆ ಫ್ರೇಮಿಗೆ ಬೆಸೆದ ಎರಡು ತುಂಡು ಆ್ಯಂಗಲ್. ಮುಂದಿನ ಮಡ್‌ಗಾರ್ಡ್ ಎರಡು ಬೆರಳು ಎತ್ತರಿಸಿದ್ದು, ಯಾಕಂದ್ರೆ ಮಳೆಗಾಲದಲ್ಲಿ ಎರಿ ಮಣ್ಣಿನ ರಸ್ತೆಗೆ ಇಳಿದರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಡಿ ಹೆಜ್ಜೆ ಕಿತ್ತಿಡೋದಿಲ್ಲ. ನಮ್ಮ ಭಾಗದವರಿಗೆ ಇದನ್ನು ವಿವರಿಸೋದು ಬೇಡ.

ಹೋದ ತಿಂಗಳು ಬೆಂಗಳೂರಿನ ಒಬ್ಬ ಸಂಗ್ರಾಹಕರು ಫೋಟೋ ನೋಡಿ ಫೋನ್ ಮಾಡಿದ್ರು. ಒಳ್ಳೇ ಬೆಲೆ ಹೇಳಿದ್ರು, ಒಂದು ಷರತ್ತಿನ ಮೇಲೆ: ಕ್ಯಾರಿಯರ್ ತೆಗೆದು, ಬೆಸುಗೆ ಗುರುತು ಗ್ರೈಂಡ್ ಮಾಡಿಸಿ, ಮಡ್‌ಗಾರ್ಡ್ ಇಳಿಸಿ ‘ಪೂರ್ತಿ ಒರಿಜಿನಲ್’ ಮಾಡಿ ಕೊಡಬೇಕು. ಮಾಮಾನ ಮಗನಿಗೆ ಆ ದುಡ್ಡು ಬೇಕಾಗಿದೆ. ಎರಡು ಪವರ್‌ಲೂಮ್ ಮೇಲೆ ಸಾಲ ಇದೆ, ಅವನ ಮಾತೂ ನ್ಯಾಯದ್ದೇ. ಮಾಮಾನಿಗೆ ಮೊಣಕಾಲು ನೋವು, ಗಾಡಿ ಓಡಿಸಿ ಆರೇಳು ವರ್ಷ ಆಯ್ತು.

“ಮಾಮಾ, ಫ್ಯಾಕ್ಟರಿಯಿಂದ ಬಂದಂಗ ಮಾಡೂಣೇನ್ರಿ?” ಅಂತ ಕೇಳಿದೆ.

“ಫ್ಯಾಕ್ಟರಿಯಿಂದ ಬಂದಾಗ ಇದಕ್ಕ ಕ್ಯಾರಿಯರ್ ಇದ್ದಿದ್ದಿಲ್ಲೋ ತಮ್ಮಾ. ಒಂದ ಗಂಟ ಕಟ್ಟಾಕ ಬರ್ತಿದ್ದಿಲ್ಲ. ಹಂಗ ಇದ್ದಿದ್ರ ಸೊಸೈಟಿ ಸಾಲ ನಾ ಹೆಂಗ ತೀರಸ್ತಿದ್ನಿ?”

ಮಗ ಸುಮ್ಮನಿರಲಿಲ್ಲ. “ಅಪ್ಪಾ, ಸಾಲ ತೀರೇತಲ್ಲ. ಈಗ ಇರೂ ಸಾಲದ್ದ ಮಾತಾಡೂಣು” ಅಂದ.

ಇಬ್ಬರೂ ಸರಿ. ಇದಕ್ಕೆ ಮ್ಯಾನ್ಯುಯಲಿನಲ್ಲಿ ಉತ್ತರ ಇಲ್ಲ.

ಮೂರು ಡಬ್ಬಿ

ಆವತ್ತು ಕೂತು ನಾವು ಗಾಡಿ ಮೇಲಿನ ಎಲ್ಲ ಬದಲಾವಣೆಗಳನ್ನು ಪಟ್ಟಿ ಮಾಡಿ ಮೂರು ಡಬ್ಬಿಗೆ ಹಾಕಿದ್ವಿ. ನಿಮ್ಮ ಮನೆಯ ಯಾವುದೇ ಹಳೇ ವಸ್ತುವಿಗೂ ಈ ಲೆಕ್ಕ ಬರುತ್ತೆ ಅಂತ ಇಲ್ಲಿ ಬರೀತಿದ್ದೀನಿ.

ಮೊದಲನೆಯದು ಸವೆತ. ಸಿಲಿಂಡರ್, ಸೀಲ್, ಬೇರಿಂಗ್, ಚೈನ್, ಸಡಿಲಾದ ಸ್ಪೋಕ್. ಇವು ಕಾಲದ ಕೆಲಸ. ಇವನ್ನು ಫ್ಯಾಕ್ಟರಿ ಅಳತೆಗೇ ತರಬೇಕು.

ಎರಡನೆಯದು ಅವಸರದ ರಿಪೇರಿ. ದಾರಿಯಲ್ಲಿ ಕೆಟ್ಟು ನಿಂತಾಗ ಯಾವುದು ಸಿಕ್ಕಿತೋ ಅದನ್ನು ಹಾಕಿ ಮನೆ ಮುಟ್ಟಿದ ಕಥೆಗಳು. ಜಿಕೋವ್ ಕಾರ್ಬುರೇಟರ್ ಜಾಗದಲ್ಲಿ ಬೇರೆ ಬೈಕಿನದ್ದು, ಟೇಪ್ ಸುತ್ತಿದ ವೈರು, 6 ವೋಲ್ಟ್ ಗಾಡಿಗೆ ಅರ್ಧಂಬರ್ಧ 12 ವೋಲ್ಟಿನ ಸಾಮಾನು, ಸ್ಕ್ರೂ ಬದಲು ಮೊಳೆ. ಮಾಡಿದವರಿಗೂ ಇದು ಶಾಶ್ವತ ಅನ್ನೋ ಉದ್ದೇಶ ಇರಲಿಲ್ಲ. ಇವನ್ನು ತೆಗೆಯೋಕೆ ಯಾರನ್ನೂ ಕೇಳಬೇಕಾಗಿಲ್ಲ.

ಮೂರನೆಯದು ಬದುಕಿಗಾಗಿ ಮಾಡಿಕೊಂಡ ಬದಲಾವಣೆ. ಯೋಚನೆ ಮಾಡಿ, ದುಡ್ಡು ಕೊಟ್ಟು, ಒಂದು ಕೆಲಸಕ್ಕಾಗಿ ಮಾಡಿಸಿದ್ದು. ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಈ ಡಬ್ಬಿಗೆ ಬಂದವು. ಇವನ್ನು ತೆಗೆದರೆ ಗಾಡಿ ಮೈಸೂರಿನ ಗೇಟು ದಾಟಿದ ದಿನಕ್ಕೆ ಹೋಗುತ್ತೆ ನಿಜ. ಆದರೆ ಆ ದಿನ ಗಾಡಿಯ ಆಯುಷ್ಯದಲ್ಲಿ ಒಂದೇ ಒಂದು ದಿನ. ಉಳಿದ ಐವತ್ತು ವರ್ಷ ಅದು ಸೀರೆ ಹೊತ್ತಿದೆ.

ಕಿತ್ತೂರು ಕೋಟೆಗೆ ಹೋದವರು ನೋಡಿರ್ತೀರಿ. 1824ರ ಯುದ್ಧ ಕಂಡ ಕೋಟೆಯೊಳಗಿನ ಅರಮನೆ ಈಗ ಮುರಿದ ಗೋಡೆಗಳಾಗಿ ನಿಂತಿದೆ. ಆ ಗೋಡೆಗಳ ಮೇಲೆ ಯಾರೂ ಹೊಸ ಗಾರೆ ಬಳಿದು ಬಣ್ಣ ಹಚ್ಚಿಲ್ಲ. ಮುರಿದದ್ದೇ ಅಲ್ಲಿ ನಡೆದದ್ದನ್ನು ಹೇಳುತ್ತೆ. ಹಾಗಂತ ಬೀಳೋ ಗೋಡೆಗೆ ಆಸರೆ ಕೊಡಬೇಡಿ ಅಂತ ಯಾರೂ ಹೇಳೋದಿಲ್ಲ. ಗಾಡಿಯಲ್ಲೂ ಅಷ್ಟೇ, ಎಂಜಿನ್ ಗಟ್ಟಿಯಾಗಬೇಕು, ಗುರುತು ಉಳಿಯಬೇಕು.

ಹಾಗಾದರೆ ಮಾಮಾನ ಮಗನ ಸಾಲ? ಅದಕ್ಕೆ ಉತ್ತರ ಭಾವನೆಯಲ್ಲಿ ಇಲ್ಲ, ಲೆಕ್ಕದಲ್ಲಿದೆ. ಮಾರೋದು, ಬಿಡೋದು ಮಾಮಾನ ಹಕ್ಕು. ನಾವು ಒಪ್ಪಿಕೊಂಡಿದ್ದು ಒಂದೇ ನಿಯಮ: ವಾಪಸ್ ಮಾಡೋಕೆ ಆಗದ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಕೊಳ್ಳೋದು. ಕ್ಯಾರಿಯರ್ ಬೋಲ್ಟ್ ಬಿಚ್ಚಿದ್ರೆ ಮತ್ತೆ ಹಾಕಬಹುದು. ಬೆಸುಗೆ ಗ್ರೈಂಡ್ ಮಾಡಿದ್ರೆ ಮುಗೀತು. ಎಂಜಿನ್, ಬ್ರೇಕ್, ಬಣ್ಣದ ಕೆಲಸ ಹೇಗೂ ಎರಡೂ ದಾರಿಗೆ ಬೇಕು. ಮೊದಲು ಅದನ್ನು ಮುಗಿಸಿ, ಕ್ಯಾರಿಯರ್ ಸಮೇತ ಇರೋ ಗಾಡಿಗೆ ಎಷ್ಟು ಬೆಲೆ ಬರುತ್ತೆ ಅಂತ ಇನ್ನೂ ಇಬ್ಬರನ್ನು ಕೇಳ್ತೀವಿ. ಪೂರ್ತಿ ಒರಿಜಿನಲ್ ಅಂತ ಹುಡುಕೋರು ಇರೋ ಹಾಗೆ, ಮೊದಲಿನಿಂದ ಕೊನೆತನಕ ಕಥೆ ಗೊತ್ತಿರೋ ಗಾಡಿ ಹುಡುಕೋರೂ ಇದ್ದಾರೆ.

ಕಾನೂನಿನ ಲೆಕ್ಕ

ಗಾಡಿ ಬಿಚ್ಚೋ ಉತ್ಸಾಹದಲ್ಲಿ ಕಾಗದ ಮರೀಬೇಡಿ. ಆರ್‌ಸಿ ಪುಸ್ತಕದಲ್ಲಿರೋ ಎಂಜಿನ್ ನಂಬರ್, ಚಾಸಿ ನಂಬರ್ ಗಾಡಿ ಮೇಲೆ ಒತ್ತಿರೋದಕ್ಕೆ ಹೊಂದುತ್ತಾ ಅಂತ ಮೊದಲು ನೋಡಿ. ಹೊಂದದಿದ್ದರೆ ಅಲ್ಲೇ ನಿಲ್ಲಿ. ನಂಬರ್ ಉಜ್ಜಿ ಹೊಸದಾಗಿ ಒತ್ತಿಕೊಡ್ತೀನಿ ಅನ್ನೋರು ಸಿಗ್ತಾರೆ, ಅದು ಅಪರಾಧ. ಪೇಂಟ್ ಅಂಗಡಿಯವರಿಗೂ ಹೇಳಿಡಿ, ನಂಬರಿನ ಮೇಲೆ ಪುಟ್ಟಿ ತುಂಬಬಾರದು, ಮರಳು ಹೊಡೆಯಬಾರದು.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ನಮ್ಮ ಬೈಲಹೊಂಗಲಕ್ಕೆ ಕೆಎ-24 ಸಂಖ್ಯೆಯ ಆರ್‌ಟಿಒ ಇದೆ. ಗಾಡಿಯನ್ನು ಅಲ್ಲಿಗೆ ಒಯ್ದು ತೋರಿಸಬೇಕು, ಹಾಗಾಗಿ ಹಾರ್ನ್, ಲೈಟ್, ಬ್ರೇಕ್ ಕೆಲಸ ಮಾಡ್ತಿರಬೇಕು.

ಇದರ ಜೊತೆಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗದ ಎರಡು ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳು ಇದಕ್ಕೆ ಬರುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರು ನೋಂದಣಿಗೆ 5,000. ಹೊಸದಾಗಿ ನೋಂದಣಿಯಾಗೋ ಗಾಡಿಗೆ ‘ವಿಎ’ ಅಕ್ಷರ ಇರೋ ನಂಬರ್ ಕೊಡ್ತಾರೆ, ಮೊದಲೇ ನೋಂದಣಿಯಾದದ್ದು ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಕೇಳೋಕೆ ಗೌರವದ ವಿಷಯ. ಆದರೆ ಒಂದು ಸಾಲು ಗಮನವಿಟ್ಟು ಓದಿ: ಹಾಗೆ ನೋಂದಣಿಯಾದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ್‍ಯಾಲಿ, ಪೆಟ್ರೋಲ್ ಹಾಕಿಸೋದು, ರಿಪೇರಿ ಇಂಥ ಕಾರಣಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು.

ಮಾಮಾನ ಗಾಡಿಗೆ 50 ದಾಟಿದೆ. ಆದರೆ ಅವರಿಗೆ ಬೇಕಾಗಿರೋದು ರ್‍ಯಾಲಿ ಅಲ್ಲ. ಬರೋ ಭಾರತ ಹುಣ್ಣಿಮೆಗೆ ನಾನು ಓಡಿಸಬೇಕು, ಅವರು ಹಿಂದೆ ಕೂರಬೇಕು, ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬರಬೇಕು. ಆದ್ದರಿಂದ ಸದ್ಯಕ್ಕೆ ವಿಂಟೇಜ್ ಬೇಡ, ಸಾದಾ ನವೀಕರಣ ಸಾಕು ಅಂತ ತೀರ್ಮಾನ ಆಗಿದೆ. ಗಾಡಿ ಯಾವ ಕೆಲಸಕ್ಕೆ ಅನ್ನೋದು ಗೊತ್ತಾದರೆ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗೇ ಸಿಗುತ್ತೆ.

ನೀವು ಶುರು ಮಾಡೋ ಮುಂಚೆ

ನಿಮ್ಮ ಊರ ಮನೆಯಲ್ಲೂ ಅಜ್ಜನ ಲ್ಯಾಂಬ್ರೆಟ್ಟಾ, ಅಪ್ಪನ ರಾಜದೂತ್, ಚಿಕ್ಕಪ್ಪನ ಪದ್ಮಿನಿ ಕಾರು ಗೋಣಿಚೀಲದ ಕೆಳಗೆ ಇರಬಹುದು. ಕೈ ಹಾಕೋ ಮುಂಚೆ ಮೂರು ಕೆಲಸ ಮಾಡಿ.

ಒಂದು, ತೊಳೆಯೋ ಮುಂಚೆ ಫೋಟೋ ತೆಗೀರಿ. ಧೂಳು ಸಮೇತ, ಎಲ್ಲ ಕಡೆಯಿಂದ. ಬಿಚ್ಚಿದ ಪ್ರತಿ ಸಾಮಾನನ್ನು ಬೇರೆ ಬೇರೆ ಚೀಲಕ್ಕೆ ಹಾಕಿ ಹೆಸರು ಬರೀರಿ. ಹಳೇದು ಕೆಟ್ಟಿದೆ ಅಂತ ಎಸೀಬೇಡಿ, ಹೊಸದು ಅದೇ ಅಳತೆಯದ್ದಾ ಅಂತ ಪಕ್ಕದಲ್ಲಿಟ್ಟು ನೋಡೋಕೆ ಅದೇ ಬೇಕು.

ಎರಡು, ದುಡ್ಡಿನ ಬಗ್ಗೆ ಮನೆಯಲ್ಲಿ ಮೊದಲೇ ಮಾತಾಡಿ. ಕ್ರೋಮ್, ಬಣ್ಣ, ಎಂಜಿನ್ ಎಲ್ಲ ಸೇರಿದರೆ ಹೊಸ ಸಾದಾ ಬೈಕಿನ ಬೆಲೆ ಹತ್ತಿರ ಹೋಗೋದು ಕಷ್ಟವೇನಲ್ಲ. ಲಾಭದ ಆಸೆಗೆ ಮಾಡೋ ಕೆಲಸ ಇದಲ್ಲ.

ಮೂರು, ಆ ಗಾಡಿ ಓಡಿಸಿದವರನ್ನು ಕೂರಿಸಿಕೊಂಡು ಫೋನಿನ ರೆಕಾರ್ಡರ್ ಆನ್ ಮಾಡಿ. ಈ ತೂತು ಯಾಕೆ, ಈ ಬೆಸುಗೆ ಯಾಕೆ, ಈ ನೀಲಿ ಬಣ್ಣ ಯಾವಾಗ ಅಂತ ಕೇಳಿ. ಬಿಡಿಭಾಗ ಇವತ್ತಲ್ಲ ನಾಳೆ ಎಲ್ಲಾದರೂ ಸಿಗುತ್ತೆ. ಇದನ್ನೆಲ್ಲ ಹೇಳೋರು ಹಾಗೆ ಸಿಗೋದಿಲ್ಲ. ನಮ್ಮ ಮಾಮಾ ಆ ನೀಲಿ ಬಣ್ಣಕ್ಕೆ ಒಂದು ಗಂಟೆ ಕಥೆ ಹೇಳಿದ್ರು: ಒಂದು ವರ್ಷ ಜಾತ್ರೆಯಲ್ಲಿ ಸೀರೆ ಎಲ್ಲ ಮಾರಿ ಹೋಗಿ, ಮಿಕ್ಕ ದುಡ್ಡಲ್ಲಿ ಅತ್ತೆ ಆರಿಸಿದ ಬಣ್ಣ ಅದು. ಅತ್ತೆ ಈಗ ಇಲ್ಲ. ಮರೂನ್ ಹಚ್ಚಿಸುವಾಗ ಟೂಲ್ ಬಾಕ್ಸಿನ ಒಳಗೆ ಅಂಗೈ ಅಗಲ ನೀಲಿಯನ್ನೂ ಹಚ್ಚಿಸೋದು ಅಂತ ಪಟ್ಟಿಗೆ ಸೇರಿಸಿದ್ದೀವಿ.

ಸ್ಲೀವಿನ ಕೆಲಸ ಬೆಳಗಾವಿಯಲ್ಲಿ ನಡೀತಿದೆ. ಎಂಜಿನ್ ಕೂತ ಮೇಲೆ ಟೈಮಿಂಗ್ ಇಡೋದು, ಹೊಸ ಪಿಸ್ಟನ್ ಪಳಗಿಸೋದು ಹೇಗೆ ಅಂತ ಮುಂದಿನ ಕಂತಿನಲ್ಲಿ ಬರೀತೀನಿ. ಅಷ್ಟರಲ್ಲಿ ನಿಮ್ಮ ಮನೆಯ ಗಾಡಿಯ ಮೇಲೆ ಮೂರನೇ ಡಬ್ಬಿಗೆ ಸೇರೋ ಬದಲಾವಣೆ ಯಾವುದಿದೆ ಅಂತ ನೋಡಿ ನನಗೆ ಬರೆದು ತಿಳಿಸಿ.